ಎರಡು ತೊಟ್ಟು ಮಷಿನ್ ಎಣ್ಣೆ

ಮುಂದಿನ ಸೀಟಿನಲ್ಲಿ ಯಾರು ಕೂರಬೇಕು ಎಂಬ ಜಗಳ ಬೆಳಿಗ್ಗೆ ಎಂಟೂವರೆಗೇ ಶುರುವಾಯಿತು. ಹನ್ನೊಂದು ತಿಂಗಳು ಶೆಡ್ಡಿನಲ್ಲಿ ಬಿಚ್ಚಿ, ತೊಳೆದು, ಉಜ್ಜಿ, ಹೊಲಿದು ನಿಲ್ಲಿಸಿದ ಮಾವನ ಕಾರು ಮೊದಲ ಸಲ ದೊಡ್ಡ ರಸ್ತೆಗೆ ಇಳಿಯುವ ದಿನ ಅದು. ಎರಡು ತಿಂಗಳು ಕಾದ ಮೇಲೆ ತಪಾಸಣೆಗೆ ದಿನ ಕೊಟ್ಟಿದ್ದರು. ಹತ್ತೂವರೆಗೆ ಸರಿಯಾಗಿ ಕಾರು ಕೆಳಗಿನ ಪೇಟೆಯ ವಾಹನ ಕಚೇರಿಯ ಅಂಗಳದಲ್ಲಿರಬೇಕು. ಹಿಂದಿನ ಸೀಟಿಗೆ ಇನ್ನೂ ಸ್ಪ್ರಿಂಗ್ ಕೂರಿಸಿರಲಿಲ್ಲ, ಬರೀ ಹಲಗೆ. ಹಾಗಾಗಿ ನಮ್ಮವರ ಪಕ್ಕದಲ್ಲಿ ಒಬ್ಬರಿಗೆ ಮಾತ್ರ ಜಾಗ. ಆ ಸೀಟಿನ ಕವರ್ ಹೊಲಿದವಳು ನಾನು. ಕೈಚೀಲ ಹಿಡಿದು, ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತವರು ನಮ್ಮತ್ತೆ.

"ಅತ್ತೆ, ಒಂದೊಂದು ಹೊಲಿಗೆಗೂ ಬೆರಳು ಚುಚ್ಕೊಂಡಿದೀನಿ. ಮೊದಲ ಸವಾರಿ ನಂದು," ಎಂದೆ.

"ಹೊಲಿದೋರೇ ಹಾಕ್ಕೊಳ್ಳೋದಾದ್ರೆ ಊರೋರ ಬಟ್ಟೆಯೆಲ್ಲಾ ನಿನ್ನ ಮೈಮೇಲೇ ಇರ್ಬೇಕಿತ್ತಲ್ಲಮ್ಮಾ," ಎಂದರು ಅತ್ತೆ.

ಎಪ್ಪತ್ತಾರು ವರ್ಷ ಅವರಿಗೆ. ಬೇಕಾದ್ದು ಕೇಳಿಸುತ್ತದೆ, ಬೇಡದ್ದು ಕೇಳಿಸುವುದಿಲ್ಲ. ನಮ್ಮವರು ಬಾನೆಟ್ ಒರೆಸುತ್ತಾ, ತಲೆ ತಗ್ಗಿಸಿಕೊಂಡು, ತಮಗೂ ಈ ಮನೆಗೂ ಸಂಬಂಧವೇ ಇಲ್ಲವೆಂಬಂತೆ ಇದ್ದರು. ಅತ್ತೆ ಸೊಸೆ ನಡುವೆ ಬಾಯಿ ಹಾಕಿದ ಗಂಡಸು ಉದ್ಧಾರವಾಗಿಲ್ಲ ಎಂದು ಅವರಿಗೆ ಮದುವೆಯಾದ ವಾರದಲ್ಲೇ ಗೊತ್ತಾಗಿತ್ತು.

"ಇಳಿಜಾರಲ್ಲಿ ಎಳೆಯೋಕೆ ಒಬ್ರು ಬೇಕು. ನಿನಗೆ ಅದು ಗೊತ್ತಾಗಲ್ಲ," ಎಂದರು ಅತ್ತೆ.

ಮತ್ತೆ ಅದೇ ಪುರಾಣ! ಈ ಕಾರಿಗೆ ಹ್ಯಾಂಡ್ ಬ್ರೇಕು ಡ್ಯಾಶ್‌ಬೋರ್ಡಿನ ಕೆಳಗೆ, ಎಡಗಡೆಗೆ, ಛತ್ರಿಯ ಹಿಡಿಯ ಹಾಗೆ ಇದೆ. ಮಾವ ಇಳಿಜಾರಿನಲ್ಲಿ ಹೋಗುವಾಗ "ಎಳಿ" ಎನ್ನುತ್ತಿದ್ದರಂತೆ, ಇವರು ಎರಡೂ ಕೈಯಲ್ಲಿ ಎಳೆಯುತ್ತಿದ್ದರಂತೆ. ಇಪ್ಪತ್ತು ವರ್ಷ ಗಂಡ ಕಾರು ಓಡಿಸಿದ, ಹೆಂಡತಿ ನಿಲ್ಲಿಸಿದಳು ಎಂಬುದು ಅವರ ಹೆಮ್ಮೆ. ನಾನು ಆ ಕಥೆಯನ್ನು ಎಷ್ಟು ಸಲ ಕೇಳಿದ್ದೆನೆಂದರೆ, ಅತ್ತೆ ಬಾಯಿ ತೆರೆಯುವ ಮೊದಲೇ ನನಗೆ ಆಕಳಿಕೆ ಬರುತ್ತಿತ್ತು.

ಅಷ್ಟರಲ್ಲಿ ಅವರು ಹೋಗಿ ಕೂತೇಬಿಟ್ಟರು. ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಹುಡುಕಬೇಕಾಗಿಲ್ಲ. "ಹೋಗಿ, ಹೋಗಿ. ವಾಪಸ್ ಬರದಿದ್ರೂ ಪರವಾಗಿಲ್ಲ!" ಎಂದುಬಿಟ್ಟೆ.

ಗಾಜು ಇಳಿಸಿತ್ತು, ಅತ್ತೆಗೆ ಕೇಳಿಸಿತು. ಏನಾದರೂ ತಿರುಗಿಸಿ ಹೇಳುತ್ತಾರೆಂದು ಸೊಂಟಕ್ಕೆ ಕೈಯಿಟ್ಟು ಕಾದೆ. ಅವರು ಕೈಚೀಲವನ್ನು ತೊಡೆಯ ಮೇಲೆ ಸರಿಮಾಡಿಕೊಂಡು ಮುಂದೆ ನೋಡಿದರು. ಕಾರು ಗಲ್ಲಿ ದಾಟಿ ತಿರುಗಿತು.

ನಾನು ದರ್ಜಿ. ಇಪ್ಪತ್ತೈದು ವರ್ಷದಿಂದ ಮುಂದಿನ ಕೋಣೆಯಲ್ಲಿ ಮಷಿನ್ ಹಾಕಿಕೊಂಡು ಹೊಲಿಯುತ್ತೇನೆ. ನಮ್ಮವರು ಲಿಫ್ಟ್ ರಿಪೇರಿಯವರು. ಮಾವ ತೀರಿಕೊಂಡ ಮೇಲೆ ಹದಿನೆಂಟು ವರ್ಷ ಆ ಕಾರು ಶೆಡ್ಡಿನಲ್ಲಿ ನನ್ನ ಬಟ್ಟೆ ಚೂರುಗಳ ಮೂಟೆ ಹೊತ್ತುಕೊಂಡು ನಿಂತಿತ್ತು. ಹೋದ ವರ್ಷ ಒಂದು ಭಾನುವಾರ ಇವರು ಮೂಟೆಗಳನ್ನೆಲ್ಲಾ ಇಳಿಸಿ, "ಇದನ್ನ ಎಬ್ಬಿಸ್ತೀನಿ," ಎಂದರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ನಾನು ಅವತ್ತೇ ಹೇಳಿದೆ. ಆಮೇಲೆ ಹನ್ನೊಂದು ತಿಂಗಳು ಹೇಳುತ್ತಲೇ ಇದ್ದೆ.

ಅಂಗಡಿಯಿಂದ ಹೊಸದು ತರುವುದಿಲ್ಲ ಎಂಬ ಕರಾರಿನ ಮೇಲೆ ಒಪ್ಪಿದ್ದೆ. ಬಂಪರು ಗುಜರಿಯಿಂದ ಬಂತು. ಸೀಟಿಗೆ ಗಿರಾಕಿಯೊಬ್ಬರು ಬೇಡವೆಂದು ಬಿಟ್ಟುಹೋದ ರೇನ್‌ಕೋಟ್ ಬಟ್ಟೆ. ಬಣ್ಣ ಹೊಡೆದವನು ಎದುರು ಮನೆಯವನು. ಗೇಟು, ಕಿಟಕಿ ಸರಳುಗಳಿಗೆ ಬಣ್ಣ ಹೊಡೆಯುವುದು ಅವನ ಕಸುಬು. ಯಾರ ಕೆಲಸವನ್ನೂ ಮುಗಿಸಿದವನಲ್ಲ. ಕೇಳಿದರೆ "ನಾಳೆ ಸೆಕೆಂಡ್ ಕೋಟು" ಎನ್ನುತ್ತಾನೆ. ಹಾಗಾಗಿ ಬೀದಿಗೆಲ್ಲಾ ಅವನು ಸೆಕೆಂಡ್ ಕೋಟು. ನಮ್ಮ ಕಾರಿಗೆ ಯಾರದೋ ಗೇಟಿನಲ್ಲಿ ಉಳಿದ ಹಸಿರು ಬಳಿದ, ಒಂದೇ ಕೋಟು.

ಹ್ಯಾಂಡ್ ಬ್ರೇಕಿನ ತಂತಿ ತುಕ್ಕು ಹಿಡಿದು ತುಂಡಾಗಿತ್ತು. ಇವರು ಆಫೀಸಿನ ಗುಜರಿಯಿಂದ ಲಿಫ್ಟಿನದೊಂದು ತೆಳ್ಳನೆಯ ಸ್ಟೀಲ್ ಹಗ್ಗ ತಂದು, ಕ್ಲಾಂಪು ಹಾಕಿ, ಎಳೆದು ನೋಡಿ, ಬಿಚ್ಚಿ, ಮತ್ತೆ ಹಾಕಿ, ನಾಲ್ಕು ಭಾನುವಾರ ಅದರಲ್ಲೇ ಕಳೆದರು.

"ಕಾರಿಗೆ ಲಿಫ್ಟ್ ಹಗ್ಗ ಕಟ್ತಿದೀರಲ್ಲ, ಮಹಡಿ ಹತ್ತುತ್ತಾ ಇದು?" ಎಂದು ರೇಗಿದ್ದೆ.

"ಕಾಲಿನ ಬ್ರೇಕಿನ ಪೈಪಿನೊಳಗೆ ಏನಿದೆ ಅಂತ ಕಾಣಲ್ಲ ಕಣೇ. ಹಗ್ಗ ಕಣ್ಣಿಗೆ ಕಾಣುತ್ತೆ," ಎಂದಿದ್ದರು ಅವರು.

ಕಾಲಿನ ಬ್ರೇಕಿನ ವಿಷಯದಲ್ಲಿ ಮಾತ್ರ ಅವರು ಹಟ ಹಿಡಿದರು. ಗುಜರಿಯದ್ದು ಬೇಡ, ಹೊಸದೇ ಬೇಕು. ಇಡೀ ಕಾರಿಗೆ ಅಂಗಡಿಯಿಂದ ತಂದ ಹೊಸ ಸಾಮಾನು ಅದೊಂದೇ: ಒಂದು ಬಾಟಲಿ ಬ್ರೇಕ್ ಆಯಿಲ್ ಮತ್ತು ಚಿಕ್ಕ ಪೊಟ್ಟಣದಲ್ಲಿ ಪುಟ್ಟ ಬಟ್ಟಲಿನಂಥ ನಾಲ್ಕು ರಬ್ಬರ್ ಕಪ್ಪುಗಳು. ಮೂರು ಸಾಕು, ಒಂದು ಹೆಚ್ಚಿಗೆ. ಪೆಡಲ್ ತುಳಿದರೆ ಆ ಕಪ್ಪುಗಳು ಸಿಲಿಂಡರಿನೊಳಗೆ ಆಯಿಲನ್ನು ತಳ್ಳುತ್ತವೆ, ಆಯಿಲು ಚಕ್ರ ಹಿಡಿಯುತ್ತದೆ. ಅಷ್ಟು ನನಗೂ ಅರ್ಥವಾಗಿತ್ತು.

ಅವುಗಳನ್ನು ಕೂರಿಸಲು ಇವರ ದಪ್ಪ ಬೆರಳುಗಳಿಗೆ ಆಗಲಿಲ್ಲ. ತಪಾಸಣೆಗೆ ಐದು ದಿನ ಮೊದಲು ಸಿಲಿಂಡರನ್ನು ತಂದು ನನ್ನ ಮಷಿನ್ ಪಕ್ಕ ಕಾಗದದ ಮೇಲೆ ಇಟ್ಟು, "ನಿನ್ನ ಬೆರಳು ಸಣ್ಣ. ನೀನು ಹಾಕು. ಈ ಬಾಟಲಿಯದ್ದು ಮಾತ್ರ ಸವರು," ಎಂದರು. ಆಗಲೇ ಬಾಗಿಲು ಬಡಿದ ಸದ್ದಾಯಿತು. ಕೊರಿಯರಿನವನು. ಇವರು ಎದ್ದು ಹೋದರು.

ನಾನು ಬಾಟಲಿಯದ್ದು ಸವರಿ ತಳ್ಳಿದೆ. ಹೋಗಲಿಲ್ಲ. ಅಂಚು ಮಡಚಿಕೊಳ್ಳುತ್ತಿತ್ತು. ಇನ್ನೊಮ್ಮೆ ತಳ್ಳಿದೆ, ಜಾರಿ ಪಕ್ಕಕ್ಕೆ ಹೋಯಿತು. ಮೂರನೇ ಸಲಕ್ಕೆ ನನ್ನ ತಲೆ ಕೆಟ್ಟಿತು. ಪಕ್ಕದಲ್ಲೇ ಹೊಲಿಗೆ ಮಷಿನ್ ಎಣ್ಣೆಯ ಕುಪ್ಪಿ ಇತ್ತು. ಈ ಮನೆಯಲ್ಲಿ ಕಚ್ಚಿಕೊಂಡದ್ದಕ್ಕೆಲ್ಲಾ ಅದೇ ಮದ್ದು. ಕತ್ತರಿ, ಬೀಗ, ಅತ್ತೆಯ ಕನ್ನಡಕದ ಕಡ್ಡಿ, ಎಲ್ಲಕ್ಕೂ ಎರಡು ತೊಟ್ಟು. ಒಂದು ಕಪ್ಪಿಗೆ ಧಾರಾಳವಾಗಿಯೇ ಬಿಟ್ಟೆ. ಅದು ಕೈಜಾರಿ ನೆಲದ ಧೂಳಿಗೆ ಬಿತ್ತು. ಅದನ್ನು ಎಣ್ಣೆ ಬಟ್ಟೆಯಲ್ಲಿ ಸುತ್ತಿ ನನ್ನ ಗುಂಡಿ ಡಬ್ಬಿಗೆ ಹಾಕಿದೆ. ಉಳಿದ ಮೂರಕ್ಕೆ ಎರಡೆರಡು ತೊಟ್ಟು ಬಿಟ್ಟು ತಳ್ಳಿದೆ. ಒಂದಾದ ಮೇಲೊಂದು ಸುರ್ರನೆ ಒಳಗೆ ಹೋದವು.

ನಮ್ಮವರು ವಾಪಸ್ ಬಂದು ಕಣ್ಣರಳಿಸಿದರು. "ಅರೆ! ಮೂರೂ ಹೋಯ್ತಾ? ನನಗೆ ನಿನ್ನೆಯಿಂದ ಒಂದೂ ಹೋಗಿಲ್ಲ. ಇದೆಲ್ಲಾ ಕೈಗುಣ ಕಣೇ. ನಿನ್ನ ಕೈಗುಣ!"

ಹನ್ನೊಂದು ತಿಂಗಳಲ್ಲಿ ಆ ಕಾರಿನ ವಿಷಯಕ್ಕೆ ನನಗೆ ಸಿಕ್ಕಿದ ಮೊದಲ ಹೊಗಳಿಕೆ ಅದು. ಅದನ್ನು ಯಾರಾದರೂ ಕೈಯಾರೆ ಹಾಳು ಮಾಡಿಕೊಳ್ಳುತ್ತಾರೆಯೇ? ಎಣ್ಣೆಯ ಮಾತು ನಾನು ಎತ್ತಲಿಲ್ಲ. ಬಚ್ಚಿಡಬೇಕೆಂದೇನೂ ಅಲ್ಲ. ಹೇಳಬೇಕೆನಿಸಲಿಲ್ಲ, ಅಷ್ಟೇ.

ಅಂದು ಕಾರು ಹೋದ ಮೇಲೆ ನಾನು ಗಿರಾಕಿಯ ಕೋಟೊಂದನ್ನು ಮುಗಿಸಲು ಕೂತೆ. ಗುಂಡಿ ಬೇಕಾಯಿತು. ಡಬ್ಬಿ ತೆರೆದೆ. ಮೇಲೇ ಆ ಎಣ್ಣೆ ಬಟ್ಟೆಯ ಗಂಟಿತ್ತು. ಬಿಚ್ಚಿದರೆ ಒಳಗಿನ ರಬ್ಬರ್ ಕಪ್ಪು ನೆನೆಹಾಕಿದ ಕಡಲೆಯಂತೆ ಉಬ್ಬಿತ್ತು. ಅಂಚೆಲ್ಲಾ ಸುಕ್ಕು. ಅವತ್ತು ಕೋಟಿನ ದೊಡ್ಡ ಗುಂಡಿಯಷ್ಟೇ ಇದ್ದದ್ದು ನನಗೆ ಚೆನ್ನಾಗಿ ನೆನಪಿತ್ತು. ಅಳತೆ ಮರೆತರೆ ನಾನು ದರ್ಜಿಯಲ್ಲ. ಈಗ ಗುಂಡಿಯ ಪಕ್ಕ ಇಟ್ಟರೆ ಒಂದೂವರೆಯಷ್ಟಾಗಿತ್ತು. ಉಗುರಿನಲ್ಲಿ ಒತ್ತಿದೆ. ಗುರುತು ಬಿತ್ತು, ಮತ್ತೆ ಮೇಲೇಳಲಿಲ್ಲ.

ಆಗ ಸೆಕೆಂಡ್ ಕೋಟು ಒಳಗೆ ಬಂದ. "ಅಕ್ಕಾ, ನನ್ನ ಸ್ಪ್ರೇ ಪೈಪ್ ಶೆಡ್ಡಲ್ಲಿದೆಯಾ? ನಾಳೆ ಒಂದು ಕಡೆ ಸೆಕೆಂಡ್..."

"ಇದೇನೋ ಹೀಗಾಗಿದೆ? ನೋಡು," ಎಂದು ಕೈ ಚಾಚಿದೆ.

ಅವನು ಹಿಚುಕಿ ನೋಡಿದ, ಮೂಸಿ ನೋಡಿದ. "ಎಣ್ಣೆ ಕುಡಿಸಿದೀರಾ ಇದಕ್ಕೆ? ನನ್ನ ಸ್ಪ್ರೇ ಗನ್ನಿನ ವಾಷರ್‌ಗೂ ಒಂದ್ಸಲ ಇದೇ ಗತಿ ಆಯ್ತು. ಉಬ್ಬಿ ಕಚ್ಚಿಕೊಂಡ್ಬಿಡ್ತು. ಎಲ್ಲಿಂದು ಅಕ್ಕಾ ಇದು?"

"ಬ್ರೇಕಿಂದು," ಎಂದೆ.

ಅವನ ಮುಖದ ನಗು ಹೋಯಿತು. "ಕಾರೊಳಗಿರೋದಕ್ಕೂ ಎಣ್ಣೆ ಹಾಕಿದೀರಾ?"

ನಾನು ಮಷಿನ್ ಎಣ್ಣೆಯ ಕುಪ್ಪಿಯ ಕಡೆ ನೋಡಿದೆ. ಅವನಿಗೆ ಅಷ್ಟೇ ಸಾಕಾಯಿತು. "ಅಯ್ಯೋ ಅಕ್ಕಾ! ಉಬ್ಬಿದ್ರೆ ಮೊದಲು ಹಿಡಿದದ್ದು ಬಿಡಲ್ಲ. ಬಿಡದೇ ಉಜ್ಜಿ ಉಜ್ಜಿ ಚಕ್ರ ಕಾಯುತ್ತೆ. ಕಾದ್ಮೇಲೆ ಆಯಿಲ್ ಕುದ್ದು, ಪೆಡಲ್ ನೆಲಕ್ಕೆ ಹೋಗುತ್ತೆ. ಆಮೇಲೆ ಹಿಡಿಯೋದೇ ಇಲ್ಲ. ಅಣ್ಣ ಎಲ್ಲಿ?"

ಎರಡು ದಿನದಿಂದ ಇವರು ಗಲ್ಲಿಯಲ್ಲಿ ಓಡಿಸಿ ಬಂದಾಗೆಲ್ಲಾ, "ಪೆಡಲ್ ಸ್ವಲ್ಪ ಗಟ್ಟಿಯಾಗಿದೆ, ಹೊಸದಲ್ವಾ, ಸರಿಹೋಗುತ್ತೆ," ಎನ್ನುತ್ತಿದ್ದರು. ನಾನು ಕೇಳಿಸಿಕೊಂಡು ಸೂಜಿಗೆ ದಾರ ಪೋಣಿಸುತ್ತಿದ್ದೆ. ಕೆಳಗಿನ ಪೇಟೆಗೆ ಹೋಗಲು ನೀರಿನ ಟ್ಯಾಂಕಿನ ಇಳಿಜಾರು ಒಂದೇ ದಾರಿ. ಒಂದು ಮೈಲಿ ಇಳಿತ, ನಡುವೆ ಒಂದು ತಿರುವು, ತಳದಲ್ಲಿ ರೈಲ್ವೆ ಗೇಟು.

ಫೋನ್ ಮಾಡಿದೆ. ಒಳಗಿನ ಕೋಣೆಯಲ್ಲಿ ಮೊಳೆಗೆ ನೇತುಹಾಕಿದ ಪ್ಯಾಂಟಿನ ಜೇಬಿನಲ್ಲಿ ಅದು ರಿಂಗಾಯಿತು. ಕಚೇರಿಗೆ ಹೋಗುವಾಗ ಗ್ರೀಸ್ ಮೆತ್ತಿದ ಪ್ಯಾಂಟು ಹಾಕಿಕೊಂಡು ಮಾನ ಕಳೆಯಬೇಡಿ ಎಂದು ಬೈದು ಬದಲಾಯಿಸುವ ಹಾಗೆ ಮಾಡಿದವಳು ನಾನೇ. ಅತ್ತೆಗೆ ಫೋನೇ ಇಲ್ಲ. ಒಂದು ಕೊಡಿಸೋಣ ಎಂದಾಗ ಬೇಡ ಎಂದವಳೂ ನಾನೇ. ಏನೇನು ಮಾಡಬಾರದೋ ಅದನ್ನೆಲ್ಲಾ ಆರಿಸಿ ಆರಿಸಿ ಮಾಡಿದ್ದೆ, ಪಾಪಿ ಮುಂಡೇದು.

"ಸ್ಕೂಟರ್ ತೆಗಿಯೋ!" ಎಂದು ಕೂಗಿದೆ.

ಅವನ ಸ್ಕೂಟರಿಗೆ ಅವನದ್ದೇ ಬುದ್ಧಿ. ಹತ್ತು ಸಲ ಒದ್ದ ಮೇಲೆ ಕೆಮ್ಮಿತು, ಹನ್ನೆರಡನೆಯದಕ್ಕೆ ಹೊತ್ತಿತು. ಅಳತೆ ಟೇಪು ಕೊರಳಲ್ಲೇ ಇತ್ತು, ಕಾಲಲ್ಲಿ ಚಪ್ಪಲಿ ಇರಲಿಲ್ಲ. ಮುಷ್ಟಿಯಲ್ಲಿ ಆ ರಬ್ಬರು. ಹಿಂದೆ ಕೂತು ಅವನ ಅಂಗಿ ಹಿಡಿದುಕೊಂಡೆ.

"ಪೆಟ್ರೋಲ್ ಬಂಕಲ್ಲಿ ನಿಲ್ಲಿಸ್ತಾರೆ. ಗಾಳಿ ಹಾಕಿಸ್ಬೇಕು ಅಂದಿದ್ರು. ಅಲ್ಲೇ ಸಿಗ್ತಾರೆ," ಎಂದೆ. ಅವನಿಗಲ್ಲ, ನನಗೇ ಹೇಳಿಕೊಂಡೆ.

"ಸಿಗ್ತಾರೆ ಬಿಡಿ ಅಕ್ಕಾ. ಅಣ್ಣ ಓಡಿಸೋ ಸ್ಪೀಡಿಗೆ ಸೈಕಲ್‌ನೋರು ಹಾರ್ನ್ ಹೊಡೀತಾರೆ," ಎಂದ ಅವನು. ನಗಿಸಲು ಹೇಳಿದ್ದು, ಪಾಪ. ನನಗೆ ಅಳು ಬಂತು.

ಮಾರ್ಕೆಟ್ ರಸ್ತೆಯಲ್ಲಿ ಲಾರಿಯೊಂದು ಅಡ್ಡ ನಿಂತು ಗಾಜಿನ ಹಾಳೆಗಳನ್ನು ಇಳಿಸುತ್ತಿತ್ತು. ಇಬ್ಬರು ಆಳುಗಳು ಒಂದೊಂದೇ ಹಾಳೆಯನ್ನು ಮಗು ಎತ್ತಿದ ಹಾಗೆ ಎತ್ತಿಕೊಂಡು ರಸ್ತೆ ದಾಟುತ್ತಿದ್ದರು. "ಸ್ವಲ್ಪ ಬಿಡ್ರಪ್ಪಾ!" ಎಂದು ಕಿರುಚಿದೆ. "ಒಡೆದ್ರೆ ನೀವು ಕೊಡ್ತೀರಾ?" ಎಂದ ಅವರಲ್ಲೊಬ್ಬ. ಯಾರಿಗೂ ಅವಸರವಿಲ್ಲ, ಲೋಕಕ್ಕೆಲ್ಲಾ ಸಮಯವಿದೆ. ಸೆಕೆಂಡ್ ಕೋಟು ಫುಟ್‌ಪಾತಿನ ಮೇಲೆ ಹತ್ತಿಸಿ, ತರಕಾರಿ ಬುಟ್ಟಿಯೊಂದನ್ನು ಉರುಳಿಸಿ, ಬೈಗುಳಗಳನ್ನು ಬೆನ್ನಿಗೆ ಹಾಕಿಕೊಂಡು ನುಗ್ಗಿಸಿದ. ಆ ಹೊತ್ತಿನಲ್ಲಿ ಅವನ ಕಾಲಿಗೆ ಬೀಳಬೇಕೆನಿಸಿತು.

ಬಂಕಿನಲ್ಲಿ ಹಸಿರು ಕಾರು ಇರಲಿಲ್ಲ.

"ಈಗ ತಾನೇ ಹೋದ್ರು," ಎಂದ ಗಾಳಿ ಹಾಕುವವನು. "ಏನೋ ಸುಟ್ಟ ವಾಸನೆ ಬರ್ತಿದೆ ನೋಡಿ ಅಂದೆ. ಹೊಸ ಪೇಂಟ್ ಕಾದಿರ್ಬೇಕು ಅಂದ್ರು. ಗಾಡಿ ಯಾಕೋ ಎಳೀತಾ ಇಲ್ಲ ಅಂತಾನೂ ಅಂದ್ರು. ಅಜ್ಜಿಗೆ ಮಾತ್ರ ಖುಷಿಯೋ ಖುಷಿ. ನನಗೆ ಟಾಟಾ ಮಾಡಿದ್ರು."

ಸೆಕೆಂಡ್ ಕೋಟು ನನ್ನ ಮುಖ ನೋಡಲಿಲ್ಲ. ಚಕ್ರ ಆಗಲೇ ಉಜ್ಜುತ್ತಿದೆ ಎಂದು ಇಬ್ಬರಿಗೂ ಗೊತ್ತಾಯಿತು.

ಟ್ಯಾಂಕಿನ ಹತ್ತಿರ ರಸ್ತೆ ಒಮ್ಮೆಲೇ ಕೆಳಗೆ ಬೀಳುತ್ತದೆ. ಅಲ್ಲಿಂದ ತಳದವರೆಗೂ ಕಾಣುತ್ತದೆ. ನಾವು ತಲುಪಿದಾಗ ಕಾರು ಅರ್ಧ ಇಳಿಜಾರಿನಲ್ಲಿತ್ತು, ತಿರುವಿಗಿಂತ ಸ್ವಲ್ಪ ಮೇಲೆ. ನಾಲ್ಕೂ ಚಕ್ರದ ಹತ್ತಿರ ಬಿಳಿ ಹೊಗೆ. ನಾನು ನನ್ನ ಗಂಡನನ್ನು ಬಲ್ಲೆ. ಅವರು ಎಂದೂ ಆ ವೇಗದಲ್ಲಿ ಹೋಗುವವರಲ್ಲ. ಲಿಫ್ಟಿನಲ್ಲಿ ಕೂಡ ಗುಂಡಿ ಒತ್ತಿ, ಒಮ್ಮೆ ಉಸಿರು ಬಿಟ್ಟು, ಆಮೇಲೆ ಒಳಗೆ ಕಾಲಿಡುವ ಮನುಷ್ಯ.

ತಳದಲ್ಲಿ ಗೇಟಿನ ಗಂಟೆ ಬಡಿಯಲು ಶುರುವಾಯಿತು. ಕೆಂಪು ಬಿಳಿ ಕಂಬ ನಿಧಾನವಾಗಿ ಕೆಳಗಿಳಿಯಿತು.

"ರೀ! ರೀ!" ಎಂದು ಕಿರುಚಿದೆ. ಯಾರಿಗೆ ಕೇಳಬೇಕು? ಗಂಟಲು ಹರಿದುಹೋಗುವ ಹಾಗೆ ಕಿರುಚಿದೆ. ಕಾರು ತಿರುವಿನಲ್ಲಿ ಗೋಡೆಯ ಕಡೆಗೆ ವಾಲಿ, ಉಜ್ಜಿಕೊಂಡು, ಮತ್ತೆ ರಸ್ತೆಗೆ ಬಂತು. ಆಮೇಲೆ ನಾವು ಕೆಳಗಿಳಿದಂತೆ ಮನೆಗಳು ಅಡ್ಡ ಬಂದವು, ಏನೂ ಕಾಣಲಿಲ್ಲ. ಬರೀ ರೈಲಿನ ಕೂಗು ಕೇಳಿಸಿತು.

"ಇನ್ನೂ ಜೋರಾಗಿ ಹೋಗೋ!"

"ನನ್ನ ಬ್ರೇಕೂ ಅಷ್ಟಕ್ಕಷ್ಟೇ ಅಕ್ಕಾ, ದೇವರ ಹೆಸರು ಹೇಳಿ!"

ಹೇಳಲು ನನಗೆ ಯಾವ ದೇವರ ಹೆಸರೂ ಬಾಯಿಗೆ ಬರಲಿಲ್ಲ. ಬೆಳಿಗ್ಗೆ ಆಡಿದ ಮಾತೊಂದೇ ತಲೆಯಲ್ಲಿ ತಿರುಗುತ್ತಿತ್ತು. ವಾಪಸ್ ಬರದಿದ್ರೂ ಪರವಾಗಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಚಿಕ್ಕಂದಿನಲ್ಲಿ ಪಾಟಿಯ ಮೇಲೆ ನೂರು ಸಲ ಬರೆದವಳು ನಾನು. ಬರೆದದ್ದು ಪಾಟಿಯಲ್ಲೇ ಉಳಿಯಿತು. ಅತ್ತೆ ತಿರುಗಿಸಿ ಒಂದು ಮಾತು ಬೈದಿದ್ದರೂ ಸಮಾಧಾನವಾಗುತ್ತಿತ್ತು.

ತಿರುವು ದಾಟಿದೆವು. ಗೋಡೆಯ ಮೇಲೆ ಹಸಿರು ಗೀರು. ರಸ್ತೆಯುದ್ದಕ್ಕೂ ಎರಡು ಕಪ್ಪು ಗೆರೆ, ಅಂಕುಡೊಂಕು, ತಳದವರೆಗೆ. ಗೆರೆಗಳ ಕೊನೆಯಲ್ಲಿ ಕಾರು ನಿಂತಿತ್ತು. ಅದರ ಮೂಗಿಗೂ ಗೇಟಿಗೂ ನಡುವೆ ಒಂದು ಮೊಳ ಜಾಗ. ಗೇಟಿನಾಚೆ ರೈಲು ಧಡಧಡ ಹೋಗುತ್ತಿತ್ತು, ಡಬ್ಬಿಯ ಮೇಲೆ ಡಬ್ಬಿ, ಮುಗಿಯುವಂತೆಯೇ ಇರಲಿಲ್ಲ.

ನಾನು ಸ್ಕೂಟರ್ ನಿಲ್ಲುವ ಮೊದಲೇ ಧುಮುಕಿ ಮೊಣಕಾಲು ಒಡೆದುಕೊಂಡೆ.

ನಮ್ಮವರು ಬಾಗಿಲು ತೆರೆದು ಇಳಿದಿದ್ದರು. ರಸ್ತೆಯ ಅಂಚಿನ ಕಲ್ಲಿನ ಮೇಲೆ ಕೂತಿದ್ದರು. ಗೇಟಿನವನು ಹಸಿರು ಬಾವುಟ ಕಂಕುಳಲ್ಲಿ ಇಟ್ಟುಕೊಂಡು ಅವರ ತಲೆಯ ಮೇಲೆ ನಿಂತು ಬೈಯುತ್ತಿದ್ದ. ಇವರು ಬೈಗುಳಕ್ಕೆಲ್ಲಾ ತಲೆಯಾಡಿಸುತ್ತಿದ್ದರು. ನನ್ನನ್ನು ಕಂಡು ಆಶ್ಚರ್ಯ ಕೂಡ ಪಡಲಿಲ್ಲ.

"ತಿರುವಲ್ಲಿ ಪೆಡಲ್ ನೆಲಕ್ಕೆ ಹೋಗ್ಬಿಡ್ತು ಕಣೇ," ಎಂದರು. "ನಾನು ಗೇರ್ ಇಳಿಸ್ತಾ ಇದ್ದೆ, ಸ್ಟೇರಿಂಗ್ ಬಿಡೋ ಹಾಗಿಲ್ಲ. ಹೇಳೋಕೂ ಬಾಯಿ ಬರ್ಲಿಲ್ಲ. ನೋಡಿದ್ರೆ ಅಮ್ಮ ಆಗ್ಲೇ ಎಳೆದಿದ್ಲು. ಎರಡೂ ಕಾಲು ಮುಂದಕ್ಕೆ ಒದ್ದು ಕೊಟ್ಟು, ಪೂರ್ತಿ ಹಿಂದಕ್ಕೆ ವಾಲಿ ಎಳೆದಿದ್ಲು. ಆ ಹಗ್ಗ ಹಿಡೀತು. ಇಲ್ದಿದ್ರೆ..."

ಗೇಟಿನ ಕಡೆ ನೋಡಿದರು. "ನಂದೇ ತಪ್ಪು," ಎಂದರು. "ಎಲ್ಲೋ ಪೈಪಲ್ಲಿ ಗಾಳಿ ಉಳಿಸಿದೀನಿ. ಲಿಫ್ಟ್ ರಿಪೇರಿ ಮಾಡೋನಿಗೆ ಕಾರ್ ಯಾಕೆ ಬೇಕಿತ್ತು? ಅಮ್ಮನ್ನ ಕೊಂದೇಬಿಡ್ತಿದ್ದೆ. ಸಾಕು. ಗುಜರಿಯವನನ್ನ ಕರೆದು ಕೊಟ್ಬಿಡೋಣ."

ಇಷ್ಟು ದಿನ ಆ ಮಾತನ್ನು ಕೇಳಲು ಕಾದಿದ್ದೆ. ಹೂಂ ಎಂದರೆ ಮುಗಿಯಿತು. ಕಾರು ಹೋಗುತ್ತದೆ, ಶೆಡ್ಡು ನನ್ನದಾಗುತ್ತದೆ, ಎಣ್ಣೆಯ ವಿಷಯ ಸಿಲಿಂಡರಿನ ಜೊತೆಗೇ ಗುಜರಿ ಸೇರುತ್ತದೆ. ಸೆಕೆಂಡ್ ಕೋಟು ದೂರದಲ್ಲಿ ಸ್ಕೂಟರಿಗೆ ಒರಗಿ ಆಕಾಶ ನೋಡುತ್ತಿದ್ದ. ಅವನು ಬಾಯಿ ಬಿಡುವವನಲ್ಲ, ನನಗೆ ಗೊತ್ತಿತ್ತು. ಕಲ್ಲಿನ ಮೇಲೆ ಕೂತ ಗಂಡ ತಮ್ಮ ಕೈಯನ್ನೇ ನೋಡುತ್ತಿದ್ದರು, ತಪ್ಪು ಮಾಡಿದ್ದು ಅದೇ ಎಂಬಂತೆ.

ಮುಷ್ಟಿ ಬಿಚ್ಚಿದೆ. "ಗಾಳಿಯಲ್ಲ ರೀ. ಇದು."

ಅವರು ರಬ್ಬರನ್ನು ಎತ್ತಿಕೊಂಡು ತಿರುಗಿಸಿದರು.

"ಅವತ್ತು ನೀವು ಬಾಗಿಲಿಗೆ ಹೋದಾಗ ಮಷಿನ್ ಎಣ್ಣೆ ಹಾಕ್ದೆ. ಮೂರಕ್ಕೂ. ಅದಕ್ಕೇ ಸಲೀಸಾಗಿ ಹೋಗಿದ್ದು. ಕೈಗುಣ ಏನಲ್ಲ." ನನ್ನ ಬಾಯಿಂದ ಇಷ್ಟು ಸಣ್ಣ ದನಿ ಬರುತ್ತದೆಂದು ನನಗೇ ಗೊತ್ತಿರಲಿಲ್ಲ.

ಅವರು ಬೈಯುತ್ತಾರೆಂದು ಕಾದೆ. ಒಂದು ಏಟು ಕೊಟ್ಟಿದ್ದರೂ ತಡೆದುಕೊಳ್ಳುತ್ತಿದ್ದೆ. ಅವರು ರಬ್ಬರನ್ನು ಬೆರಳುಗಳ ನಡುವೆ ಒತ್ತಿ ನೋಡಿದರು. ಆಮೇಲೆ ಮೆಲ್ಲಗೆ, "ಆಫೀಸಲ್ಲಿ ಎಲ್ಲರಿಗೂ ಹೇಳ್ಕೊಂಡು ಬಂದಿದ್ದೆನಲ್ಲೇ," ಎಂದರು. "ನಮ್ಮನೆಯವಳ ಕೈಗುಣ ನೋಡ್ಬೇಕು ಅಂತ."

ಅವರು ರಬ್ಬರನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಎದ್ದು ಗೇಟಿನವನ ಹತ್ತಿರ ಹೋದರು.

"ಏನಮ್ಮಾ, ಅಲ್ಲೇ ನಿಂತಿರ್ತೀಯಾ? ಇಲ್ಲಿ ಬಾ," ಎಂದು ಕಾರಿನೊಳಗಿಂದ ದನಿ ಬಂತು.

ಅತ್ತೆ ಇನ್ನೂ ಸೀಟಿನಲ್ಲೇ ಇದ್ದರು. ಕನ್ನಡಕ ಒಂದು ಕಿವಿಯಿಂದ ಜೋಲುತ್ತಿತ್ತು. ಕಾಲುಗಳು ಮುಂದಕ್ಕೆ ಚಾಚಿಕೊಂಡೇ ಇದ್ದವು. ಎರಡೂ ಕೈಗಳು ಆ ಛತ್ರಿ ಹಿಡಿಯನ್ನು ಹಿಡಿದುಕೊಂಡಿದ್ದವು. ಗೆಣ್ಣುಗಳೆಲ್ಲಾ ಬೆಳ್ಳಗಾಗಿದ್ದವು.

"ಬಿಡೋಕಾಗ್ತಿಲ್ಲ ಕಣೇ. ಬೆರಳು ಹಿಡ್ಕೊಂಡ್ಬಿಟ್ಟಿವೆ. ಮಗನಿಗೆ ಹೇಳಿದ್ರೆ ಗಾಬರಿ ಬೀಳ್ತಾನೆ."

ನಾನು ಬಾಗಿಲಲ್ಲಿ ಮೊಣಕಾಲೂರಿ ಕೂತೆ. ಕಿರುಬೆರಳಿನಿಂದ ಶುರುಮಾಡಿ ಒಂದೊಂದೇ ಬೆರಳನ್ನು ನೀವಿ, ಬಿಸಿ ಮಾಡಿ, ಬಿಡಿಸಿದೆ. ಈ ಕೈಗಳನ್ನು ನಾನು ಇಪ್ಪತ್ತೇಳು ವರ್ಷದಿಂದ ನೋಡಿದ್ದೆ, ಹಿಡಿದಿರಲಿಲ್ಲ. ಸೀಟಿನ ಕವರಿನಲ್ಲಿ ನನ್ನ ಹೊಲಿಗೆ ಒಂದು ಗೇಣು ಬಿಚ್ಚಿತ್ತು. ಬೆಳಿಗ್ಗೆ ಜಗಳದಲ್ಲಿ ನಾನು ಗೆದ್ದಿದ್ದರೆ ಆ ಸೀಟಿನಲ್ಲಿ ನಾನಿರುತ್ತಿದ್ದೆ. ಎಳೆಯಬೇಕೆಂದು ನನಗೆ ಹೊಳೆಯುತ್ತಲೇ ಇರಲಿಲ್ಲ. ಬಾಯಿ ಬಡಿದುಕೊಳ್ಳುತ್ತಾ ಗೇಟಿಗೆ ಹೋಗಿ ಬಡಿಯುತ್ತಿದ್ದೆ.

"ಅತ್ತೆ, ಬೆಳಿಗ್ಗೆ ನಾನು ಅಂದದ್ದು..."

"ವಾಪಸ್ ಬರ್ಬೇಡಿ ಅಂದೆ. ಬರ್ಲಿಲ್ಲ ನೋಡು, ನೀನೇ ಹುಡುಕ್ಕೊಂಡು ಬಂದೆ," ಎಂದರು ಅತ್ತೆ. "ಅಳ್ಬೇಡ. ಮೂಗು ಒರೆಸ್ಕೋ. ನನ್ನ ಸೀರೆಗಲ್ಲ."

ಆಗ ನಾನು ಅವರ ಮಡಿಲಲ್ಲಿ ಮುಖವಿಟ್ಟು ಗೊಳೋ ಎಂದು ಅತ್ತುಬಿಟ್ಟೆ. ಬಿಡುಗಡೆಯಾದ ಕೈಗಳಲ್ಲಿ ಒಂದು ನನ್ನ ತಲೆಯ ಮೇಲೆ ಬಂತು. ಅದು ಇನ್ನೂ ಸೊಟ್ಟಗೇ ಇತ್ತು.

ತಪಾಸಣೆಯ ಹೊತ್ತು ಮೀರಿತು. ಮತ್ತೆ ದಿನ ಸಿಗಲು ಇನ್ನೆರಡು ತಿಂಗಳು. ಗೇಟಿನವನ ಸಿಟ್ಟು ಇಳಿದ ಮೇಲೆ ಅವನೇ ಪರಿಚಯದ ಟ್ರಾಕ್ಟರೊಂದನ್ನು ಕರೆಸಿದ. ಕಾರು ಹಗ್ಗ ಕಟ್ಟಿಸಿಕೊಂಡು ಇಳಿದ ದಾರಿಯನ್ನೇ ಹತ್ತಿತು. ನಮ್ಮವರು ಸ್ಟೇರಿಂಗ್ ಹಿಡಿದು ಕೂತರು, ನಾನು ಹಿಂದೆ ನಡೆದು ಬಂದೆ, ಅತ್ತೆ ಸೆಕೆಂಡ್ ಕೋಟಿನ ಸ್ಕೂಟರಿನಲ್ಲಿ ರಾಣಿಯ ಹಾಗೆ ಬಂದರು. ಗೋಡೆಗೆ ಉಜ್ಜಿದ ಜಾಗಕ್ಕೆ ನಾಳೆಯೇ ಸೆಕೆಂಡ್ ಕೋಟು ಹೊಡೆಯುತ್ತೇನೆಂದು ಅವನು ಮಾತು ಕೊಟ್ಟ. ಇನ್ನೂ ಹೊಡೆದಿಲ್ಲ.

ಗುಜರಿಯವನನ್ನು ಕರೆಯಲು ನಾನು ಬಿಡಲಿಲ್ಲ. ಮುಂದಿನ ವಾರ ಹೊಸ ಪೊಟ್ಟಣ ನಾನೇ ಹೋಗಿ ತಂದೆ. ಹಳೇ ಆಯಿಲನ್ನೆಲ್ಲಾ ಬಸಿದು, ಪೈಪುಗಳನ್ನು ತೊಳೆದು, ಚಕ್ರಗಳ ಬ್ರೇಕಿನ ರಬ್ಬರನ್ನೂ ಬದಲಾಯಿಸಿ, ಭಾನುವಾರ ಮಧ್ಯಾಹ್ನ ನಮ್ಮವರು ಸಿಲಿಂಡರನ್ನು ತಂದು ಮತ್ತೆ ನನ್ನ ಮಷಿನ್ ಪಕ್ಕ ಇಟ್ಟರು. ಎದುರಿಗೆ ಸ್ಟೂಲ್ ಎಳೆದುಕೊಂಡು ಕೂತರು. ಎಣ್ಣೆ ಕುಪ್ಪಿಯನ್ನು ನಾನೇ ಎತ್ತಿ ಒಳಗೆ ಇಟ್ಟು ಬಂದಿದ್ದೆ.

ಬಾಟಲಿಯದ್ದನ್ನೇ ಸವರಿ ತಳ್ಳಿದೆ. ಅಂಚು ಮಡಚಿತು. ತೆಗೆದು, ಒರೆಸಿ, ಮತ್ತೆ ಸವರಿ ತಳ್ಳಿದೆ. ಒಂದು ಕಪ್ಪಿಗೆ ಅರ್ಧ ಗಂಟೆ ಹಿಡಿಯಿತು. ಎರಡು ಉಗುರು ಮುರಿದವು. ಬಾಯಿಗೆ ಬಂದ ಬೈಗುಳವನ್ನೆಲ್ಲಾ ನುಂಗಿದೆ. ಇವರು ಕೈಗುಣ ಎನ್ನಲಿಲ್ಲ, ಬೇಗ ಮಾಡು ಎನ್ನಲೂ ಇಲ್ಲ. ಎರಡನೆಯದು ಒಳಗೆ ಹೋಗುವ ಹೊತ್ತಿಗೆ ಬಾಗಿಲು ಬಡಿದ ಸದ್ದಾಯಿತು.

"ಯಾರೋ ಬಂದ್ರು ನೋಡಿ," ಎಂದೆ.

"ಅಮ್ಮ ನೋಡ್ತಾಳೆ," ಎಂದರು ಅವರು.

ಬಾಗಿಲು ಮತ್ತೆ ಬಡಿಯಿತು. ಅವರು ನನ್ನ ಕೈಯಿಂದ ಕಣ್ಣು ತೆಗೆಯಲಿಲ್ಲ, ಸ್ಟೂಲಿನಿಂದ ಏಳಲೂ ಇಲ್ಲ. ನಾನೂ ಏಳಿ ಎಂದು ಹೇಳಲಿಲ್ಲ. ಮೂರನೆಯ ಕಪ್ಪನ್ನು ಎತ್ತಿಕೊಂಡೆ.